ಉಡಿಗಾಲದಲ್ಲಿ ಗೆರೆ ದಾಟಿದವಳು

ಚಾಮರಾಜನಗರ
ಸೋಮವಾರ

ನಾನು ಕಂಡ ಗಟ್ಟಿ ಓಟಗಾತಿ ಶೃತಿಗೆ,

ಈ ಕಾಗದವನ್ನು ಲ್ಯಾಬಿನ ಕೆಲಸದ ನಡುವೆ ಒಡೆಯಬೇಡ. ರೂಮಿಗೆ ಹೋಗಿ, ಊಟ ಮುಗಿಸಿ ಓದು. ಫೋನ್ ಮಾಡದೆ ಕಾಗದ ಯಾಕೆ ಎನ್ನಿಸಬಹುದು. ಹದಿನೈದು ದಿನದ ಹಿಂದೆ ಉಡಿಗಾಲದ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮವ್ವ ಪುಟ್ಟಮಾದಮ್ಮನವರಿಗೆ ಎಲ್ಲವನ್ನೂ ಹೇಳಿ, ನಿನಗೆ ಫೋನ್ ಮಾಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ಫೋನ್ ಬ್ಯಾಡ ಕಣವ್ವ. ನೀನು ಬಾಯಿ ಬುಡಕ್ ಮುಂಚೇನೇ ಅವ್ಳು ಪರ್ವಾಗಿಲ್ಲ ಅಕ್ಕ ಅಂದ್ಬುಡ್ತಾಳೆ. ಬರ್ದು ಕಳ್ಸು, ಕುಂತ್ಕಂಡು ಓದ್ಲಿ," ಎಂದರು. ಅವರ ಮಾತು ಸರಿ. ನೀನು ಪರವಾಗಿಲ್ಲ ಎಂದಿದ್ದರೆ ನಾನೂ ಹಗುರಾಗಿ ಫೋನ್ ಇಟ್ಟುಬಿಡುತ್ತಿದ್ದೆ.

ಹೇಳಬೇಕಾದದ್ದು ಇಷ್ಟು. ಹೋದ ವರ್ಷದ ರಿಲೇಯಲ್ಲಿ ನಮ್ಮ ತಂಡ ಅನರ್ಹವಾದದ್ದು ನಿನ್ನಿಂದಲ್ಲ, ನನ್ನಿಂದ.

ಆ ಬೆಳಗ್ಗೆ ನಿನಗೆ ನೆನಪಿರುತ್ತದೆ. ಗುಂಡ್ಲುಪೇಟೆಯಿಂದ ತೆರಕಣಾಂಬಿಯವರೆಗೆ ಕಾವ್ಯಶ್ರೀ, ಅಲ್ಲಿಂದ ಉಡಿಗಾಲದವರೆಗೆ ನೀನು, ಕೊನೆಗೆ ಚಾಮರಾಜನಗರದವರೆಗೆ ನಾನು. ನಿಮ್ಮೂರ ಬಸ್ ಸ್ಟಾಪಿನ ಎದುರು ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದಿದ್ದರು. ಓಡಿ ಬಂದವಳು ಗೆರೆ ಮುಟ್ಟಿದ ಮೇಲೆಯೇ ಮುಂದಿನವಳು ಬೇಟನ್ ಈಸಿಕೊಳ್ಳಬೇಕು. ನಾಲ್ಕನೆಯವಳಾಗಿ ಹೊರಟ ನೀನು ಎರಡನೆಯವಳಾಗಿ ಬಂದೆ. ನಿನ್ನ ಬೆನ್ನಿಗೇ ಗುಂಡ್ಲುಪೇಟೆ ಕ್ಲಬ್ಬಿನವಳಿದ್ದಳು. ನನಗೆ ತಡೆಯಲಾಗಲಿಲ್ಲ. ಗೆರೆ ದಾಟಿ ನಿನ್ನ ಕಡೆಗೆ ಮೂರು ಹೆಜ್ಜೆ ನುಗ್ಗಿ, ಬೇಟನ್ ಕಿತ್ತುಕೊಂಡು ತಿರುಗಿ ಓಡಿದೆ. ನೀನು ಕಣ್ಣು ಬಿಡಲಾಗದಷ್ಟು ಸುಸ್ತಾಗಿದ್ದೆ, ಗೆರೆ ನಿನಗೆ ಕಾಣಲಿಲ್ಲ. ನನಗೆ ಕಂಡಿತ್ತು. ಹತ್ತು ಹೆಜ್ಜೆ ಓಡುವುದರೊಳಗೆ ಏನು ಮಾಡಿದೆನೆಂಬುದೂ ತಿಳಿದಿತ್ತು.

ತೀರ್ಪುಗಾರರು ಓದಿದ್ದು ಒಂದೇ ಸಾಲು: ಗೆರೆ ಮುಟ್ಟುವ ಮೊದಲೇ ಬೇಟನ್ ಕೈ ಬದಲಾಗಿದೆ, ತಂಡ ಅನರ್ಹ. ಯಾರ ತಪ್ಪೆಂದು ಅವರು ಹೇಳಲಿಲ್ಲ. ಸುಸ್ತಾದ ಹುಡುಗಿ ಮೊದಲೇ ಕೈ ಚಾಚಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ನೀನೂ ಹಾಗೇ ಅಂದುಕೊಂಡೆ. "ಲಕ್ಷ್ಮಕ್ಕ, ನಾನೇ ಹಾಳ್ ಮಾಡ್ಬುಟ್ಟೆ ಅನ್ಸುತ್ತೆ," ಎಂದು ನನ್ನ ಹೆಗಲ ಮೇಲೆ ಅತ್ತೆ. ನಾನು ನಿನ್ನ ಬೆನ್ನು ಸವರಿ, "ಬುಡು ಕಣಮ್ಮಿ, ಯಾರ್ಗಾದ್ರೂ ಆಯ್ತದೆ," ಎಂದೆ.

ಗೆರೆ ದಾಟಿದ್ದು ಆತುರ, ಶೃತಿ. ಅದಕ್ಕೆ ನನ್ನನ್ನು ನಾನೇ ಕ್ಷಮಿಸಿಕೊಳ್ಳಬಲ್ಲೆ. ಬೆನ್ನು ಸವರಿದ್ದು ಹಾಗಲ್ಲ. ಅಷ್ಟು ಹೊತ್ತಿಗೆ ಯೋಚಿಸಲು ನನಗೆ ಬೇಕಾದಷ್ಟು ಸಮಯ ಸಿಕ್ಕಿತ್ತು.

ಆಮೇಲೆ ನೀನು ಎರಡು ಭಾನುವಾರ ಅಭ್ಯಾಸಕ್ಕೆ ಬಂದೆ, ಮೂರನೆಯದಕ್ಕೆ ಬರಲಿಲ್ಲ. ನಿನಗೆ ಗುಂಡ್ಲುಪೇಟೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತೆಂದು ಎಲ್ಲರೆದುರು ಹೇಳಿದೆ. ನಿಜವಾಗಿ ಆದದ್ದು ನಿರಾಳ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ನನ್ನ ಕೈಕೆಳಗೆ ಮೂವತ್ತು ಜನ ಹೊಲಿಗೆ ಹಾಕುತ್ತಾರೆ. ಯಾರದಾದರೂ ಹೊಲಿಗೆ ತಪ್ಪಿದರೆ ಕರೆದು ನಿಲ್ಲಿಸಿ ಕೇಳುತ್ತೇನೆ. ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಈ ವರ್ಷ ತಂಡ ಆರಿಸುವ ದಿನ ಸ್ಟೇಡಿಯಂ ಮೆಟ್ಟಿಲ ಮೇಲೆ ಕುಳಿತಿದ್ದೆವು. ನಮ್ಮ ಗುರುಪಾದಸ್ವಾಮಿ ಮೇಷ್ಟ್ರು ರಿಟೈರಾಗಿ ಆರು ವರ್ಷವಾದರೂ ಕೊರಳಿನ ಸೀಟಿ ತೆಗೆದಿಲ್ಲ, ನಿನಗೆ ಗೊತ್ತಲ್ಲ. ನಡುವಿನ ಓಟಕ್ಕೆ ಯಾರು ಎಂದು ಅವರು ಕೇಳಿದಾಗ ಕಾವ್ಯಶ್ರೀ, "ಯಾರಾದ್ರೂ ಸರಿ ಸಾರ್, ಗೆರೆ ಕಾಣೋರ್ನ ಆಕಿ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನ್ನ ಕಿವಿಗೇ ಬಿದ್ದಾಗ ಕೂರಲಾಗದೆ ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಮೇಷ್ಟ್ರು, "ಇದ್ಕೆ ಒಂದು ವರ್ಷ ಬೇಕಾಯ್ತೇನಮ್ಮ?" ಎಂದರು. ನನ್ನನ್ನು ತಂಡದಿಂದ ತೆಗೆಯಿರಿ ಎಂದೆ. "ತೆಗುದ್ರೆ ನಿಂಗೆ ಸುಲ್ಬ ಆಯ್ತದೆ. ಆ ಮಗು ಓಡಿದ್ ದಾರೀಲಿ ಓಡು. ಓಡಿ, ಅವ್ರೂರಲ್ಲಿ ಹೋಗಿ ನಿಂತ್ಕೊ," ಎಂದು ನನ್ನ ಹೆಸರನ್ನು ನಡುವಿನ ಓಟಕ್ಕೆ ಬರೆದರು. ಆ ವಾರವೇ ನಾನು ನಿಮ್ಮವ್ವನನ್ನು ನೋಡಲು ಹೋದದ್ದು.

ನಿನ್ನೆ ಓಟ ಮುಗಿಯಿತು. ತೆರಕಣಾಂಬಿಯಲ್ಲಿ ಕೇರಳದ ಲಾರಿಗಳಿಗೆ ತರಕಾರಿ ತುಂಬುತ್ತಿದ್ದವರು ಮೂಟೆ ಇಳಿಸಿ ಚಪ್ಪಾಳೆ ತಟ್ಟಿದರು. ಕಾವ್ಯಶ್ರೀ ಮೂರನೆಯವಳಾಗಿ ಬಂದು ಬೇಟನ್ ಕೊಟ್ಟಳು. ನಿನ್ನ ಭಾಗ ಸುಲಭದ್ದೆಂದು ನಾನು ಅಂದುಕೊಂಡಿದ್ದೆ. ಅಲ್ಲವೆಂದು ಅರ್ಧ ದಾರಿಯಲ್ಲೇ ಗೊತ್ತಾಯಿತು. ಮೂಡಲಿಗೆ ಮುಖ ಮಾಡಿ ಓಡುವ ದಾರಿ ಅದು. ಬೆಳಗಿನ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಅರಿಸಿನ ಬೇಯಿಸುವ ಹೊಗೆ ಬೇರೆ. ಎದುರಿನ ರಸ್ತೆ ಬೆಳ್ಳಗೆ ಹೊಳೆಯುತ್ತಿತ್ತು. ತೀರ ಹತ್ತಿರ ಬರುವವರೆಗೂ ಗೆರೆ ಕಾಣಲಿಲ್ಲ. ಕಾದು ನಿಂತವಳಿಗೆ ಆ ಬಿಸಿಲು ಬೆನ್ನಿಗಿರುತ್ತದೆ. ಹೋದ ವರ್ಷ ನಮ್ಮಿಬ್ಬರಲ್ಲಿ ಎಲ್ಲವನ್ನೂ ಕಂಡವಳು ನಾನೊಬ್ಬಳೇ.

ಗೆರೆಯ ಮೇಲೆ ಕಾಲಿಟ್ಟು, ಈ ಸಲ ಕೊನೆಯ ಓಟಕ್ಕಿದ್ದ ಚಿಕ್ಕನಿಂಗಮ್ಮನ ಕೈಗೆ ಬೇಟನ್ ಕೊಟ್ಟೆ. ಅವಳು ಹೊರಟಳು. ಶಿವಮಲ್ಲಪ್ಪನವರ ಟೀ ಅಂಗಡಿಯ ಮುಂದೆ ಊರಿನ ಅರ್ಧ ಜನ ನಿಂತಿದ್ದರು. ಏದುಸಿರು ನಿಲ್ಲಲಿ ಎಂದು ಕಾಯಲಿಲ್ಲ, ಕಾದರೆ ಧೈರ್ಯವೂ ನಿಂತುಹೋಗುತ್ತಿತ್ತು. "ಓದ್ ವರ್ಸ ಗೆರೆ ದಾಟಿದ್ದು ನಾನು. ನಿಮ್ ಶೃತಿ ಅಲ್ಲ. ಅವ್ಳು ಸರಿಯಾಗೇ ಓಡಿದ್ಲು," ಎಂದು ಕೂಗಿ ಹೇಳಿದೆ. ಶಿವಮಲ್ಲಪ್ಪನವರು ಟೀ ಸೋಸುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ಅಯ್ಯೋ, ಊರ್ ಮುಂದೇನೇ ಮಾನ ಕಳುದ್ಲು ಅಂತ ನಾವೂ ಆಡ್ಕಂಡು ನಗಾಡ್ಬುಟ್ಟೊ. ಆ ಎಣ್ಮಗ ಬಸ್ಸಿಳುದ್ರೆ ತಲೆ ಎತ್ತ್‌ದೆ ಓಯ್ತಿತ್ತು," ಎಂದು, ಬೆಂಚಿನ ಮೇಲಿದ್ದವರ ಕಡೆ ತಿರುಗಿ, "ಕೇಳುಸ್ಕಂಡ್ರೇನ್ರಲಾ?" ಎಂದು ಗದರಿದರು.

ನಿಮ್ಮವ್ವನೂ ಅಲ್ಲಿದ್ದರು. ನನ್ನನ್ನು ಅಪ್ಪಿಕೊಳ್ಳಲಿಲ್ಲ, ಬಯ್ಯಲೂ ಇಲ್ಲ. ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕಾಣುವಂತೆ ನೆಟ್ಟಗೆ ನಿಂತರು. ಓಟದುದ್ದಕ್ಕೂ ನನಗೆ ಸಿಕ್ಕಿದ್ದು ಅದೊಂದೇ ಪದಕ ಎಂದುಕೊಂಡಿದ್ದೇನೆ. ತಂಡ ಮೂರನೆಯದಾಯಿತು, ಗುಂಡ್ಲುಪೇಟೆ ಗೆದ್ದಿತು. ನಿನ್ನ ದಾರಿಗೆ ನಾನು ನಿನಗಿಂತ ನಾಲ್ಕು ನಿಮಿಷ ಹೆಚ್ಚು ತೆಗೆದುಕೊಂಡೆ. ನೀನಿದ್ದಿದ್ದರೆ ನಾವು ಗೆಲ್ಲುತ್ತಿದ್ದೆವು, ಅದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ವಿಷಯ, ನಿನ್ನನ್ನು ಕೇಳದೆ ಮಾಡಿದ್ದು. ಗುಂಡ್ಲುಪೇಟೆ ತಂಡದ ನಡುವಿನ ಓಟಗಾತಿ ಮದುವೆಯಾಗಿ ಹಾಸನಕ್ಕೆ ಹೋಗುತ್ತಿದ್ದಾಳೆ. ಅವರ ನಾಯಕಿಗೆ ನಿನ್ನ ಹೆಸರನ್ನೂ ನಿನ್ನ ಸಮಯವನ್ನೂ ಹೇಳಿದ್ದೇನೆ. ನಮ್ಮ ಕ್ಲಬ್ಬಿಗೆ ವಾಪಸ್ ಬಾ ಎಂದು ಕೇಳುವ ಬಾಯಿ ನನಗಿಲ್ಲ; ಮೇಷ್ಟ್ರು ಕೇಳುತ್ತಾರೆ, ಉತ್ತರ ಅವರಿಗೇ ಕೊಡು. ನೀನು ಗುಂಡ್ಲುಪೇಟೆಯವರ ಅಂಗಿ ಹಾಕಿಕೊಂಡು ಬಂದರೆ, ಮುಂದಿನ ವರ್ಷ ನಿನ್ನ ಹಿಂದೆಯೇ ನಾನಿರುತ್ತೇನೆ. ಸುಮ್ಮನೆ ಬಿಟ್ಟುಕೊಡುತ್ತೇನೆ ಎಂದುಕೊಳ್ಳಬೇಡ. ನಲವತ್ತಾದರೂ ನನ್ನ ಕಾಲಿನಲ್ಲಿ ಇನ್ನೂ ಕಸುವಿದೆ.

ಸಿಟ್ಟು ಬಂದರೆ ಬರಲಿ, ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ. ಆದರೆ ನಾಳೆ ಬೆಳಗ್ಗೆ ಶೂ ಕಟ್ಟಿ ಹೊರಗೆ ಹೆಜ್ಜೆ ಇಡು.

ಕಾಲು ಗಟ್ಟಿಯಾಗಿರಲಿ, ಉಸಿರು ಉದ್ದವಾಗಲಿ, ಮಾದಪ್ಪ ನಿನ್ನನ್ನು ಕಾಯಲಿ.

ನಿನ್ನ ಎದುರಾಳಿಯಾಗಲು ತಯಾರಿರುವ
ನಾಗಲಕ್ಷ್ಮಿ