ವಾಲಿದ ಮೂರನೇ ಕಂಬ

ಮಾರ್ಚ್ 3, ಬೆಳಗ್ಗೆ ಏಳು

ಕಂಬದ ಬಿರುಕಿಗೆ ಅಡ್ಡಲಾಗಿ ಜಿಪ್ಸಂ ಪಟ್ಟಿ ಹಾಕಿದ್ದಾಯ್ತು. ಐದು ಪಟ್ಟಿ, ಬೆರಳು ದಪ್ಪ — ಒಂದೊಂದರ ಮೇಲೂ ಪೆನ್ಸಿಲಲ್ಲಿ ಇವತ್ತಿನ ತಾರೀಖು. ಕಂಬ ಕದಲಿದರೆ ಪಟ್ಟಿ ಒಡೆಯುತ್ತೆ. ಒಡೆದರೆ ಚರ್ಚಿಗೆ ಬೀಗ, ಅದೂ ಖಾಯಂ. ಎಂಜಿನಿಯರ್ ಲೂಕೋವ್ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಉತ್ತರ ಸಾಲಿನ ಮೂರನೇ ಕಂಬ ನಾಲ್ಕು ಬೆರಳು ವಾಲಿದೆ.

ಚರ್ಚಿನ ಕೀಲಿ ನೋಡಿಕೊಳ್ಳೋ ವಾಲ್ಟ್ರಾಟಮ್ಮ ಏಣಿ ಹಿಡ್ಕೊಂಡಿದ್ರು. ವಯಸ್ಸು ಎಪ್ಪತ್ತೊಂಬತ್ತು, ನಾಲಿಗೆಗೆ ಇಪ್ಪತ್ತು.

"ಹಾರ್ಟ್‌ವಿಗ್, ಕಂಬ ಬೀಳಲ್ಲ ಕಣೋ. ನಿನ್ ಹೊಟ್ಟೆ ಭಾರಕ್ಕೆ ಏಣಿ ಬೀಳತ್ತೆ, ನೋಡ್ತಿರು."

"ಗಟ್ಟಿಯಾಗಿ ಹಿಡ್ಕೊಳ್ಳಿ, ಮಾತು ಆಮೇಲಾಡಿ."

ಮಾರ್ಚ್ 19

ಪಟ್ಟಿ ಹಾಗೇ ಇವೆ. ಕಮಾನು ಚಾವಣಿಯ ಮೇಲಕ್ಕೆ ಹತ್ತಿದ್ದೆ, ಧೂಳು ತೆಗೆಯೋಕೆ. ಬಾಲ್ಟಿಕ್ ಸಮುದ್ರದ ಕಡೆಯ ಗಾಳಿ. ಎಷ್ಟು ಸಲ ಹತ್ತಿದರೂ ಮೈ ಜುಮ್ಮೆನ್ನುತ್ತೆ. ಕೆಳಗಿಂದ ಆಕಾಶದ ಹಾಗೆ ಕಾಣೋ ಚಾವಣಿ, ಅರ್ಧ ಗೇಣು ದಪ್ಪ. ಅಷ್ಟೇ! ಏಳುನೂರು ವರ್ಷದಿಂದ!

ಸನ್ಯಾಸಿಗಳು ಕಟ್ಟಿದರು, ಇನ್ನೂರೆಪ್ಪತ್ತು ವರ್ಷ ಇಲ್ಲಿ ಹಾಡಿದರು. ಆಮೇಲೆ ಮಠ ಮುಚ್ಚಿಸಿದ ಇಲ್ಲಿನ ದೊರೆ, ಡ್ಯೂಕ್, ಒಳಗೆ ಅಟ್ಟ ಹಾಕಿ ಧಾನ್ಯ ತುಂಬಿದ — ತೊಲೆ ಸಿಕ್ಕಿಸಿದ ತೂತುಗಳು ಕಂಬಗಳಲ್ಲಿ ಈಗಲೂ ಇವೆ. ದಕ್ಷಿಣದ ಗೋಡೆಯಲ್ಲಿ, ಎರಡಾಳೆತ್ತರದಲ್ಲಿ, ಮೆಟ್ಟಿಲೇ ಇಲ್ಲದ ಬಾಗಿಲು. ಸನ್ಯಾಸಿಗಳು ಹಾಸಿಗೆಯಿಂದೆದ್ದು ನೇರ ಪ್ರಾರ್ಥನೆಗೆ ಇಳೀತಿದ್ದ ದಾರಿ. ಮಲಗೋ ಮನೆ ಯಾವತ್ತೋ ಬಿದ್ದುಹೋಯ್ತು.

ಏಪ್ರಿಲ್ 14, ಮಧ್ಯಾಹ್ನ

ಒಡೆದಿವೆ. ಮೂರು ಪಟ್ಟಿ.

ಲೂಕೋವ್ ಫೋಟೋ ತೆಗೆದುಕೊಂಡರು, ಬಾಗಿಲಿಗೆ ಬೀಗ ಹಾಕಿಸಿದರು. ಅದನ್ನ ಖಾಯಂ ಮಾಡೋ ತೀರ್ಮಾನ ಜೂನ್ ಇಪ್ಪತ್ತರ ಚರ್ಚ್ ಮಂಡಳಿ ಸಭೆಯಲ್ಲಂತೆ. ವಾಲ್ಟ್ರಾಟಮ್ಮ ನಲವತ್ತು ವರ್ಷ ದಿನಾ ತೆರೆದ ಬಾಗಿಲು... ಕೀಲಿ ಲೂಕೋವ್ ಕೈಗೆ ಕೊಟ್ಟುಬಿಟ್ಟರು. ನನ್ನನ್ನ ಒಂದು ಮಾತು ಬೈಯಲಿಲ್ಲ. ಅದನ್ನೇ ತಡೆಯೋಕಾಗ್ತಿಲ್ಲ.

ಮೇ 5

ಮೂರು ವಾರ ಬರೆದಿಲ್ಲ. ಊಟ ಸೇರ್ತಿಲ್ಲ.

ಒಳಗೇ ಉಳಿದಿದ್ದ ಏಣಿ ತರೋಕೆ, ಲೂಕೋವ್ ಹತ್ರ ಕೀಲಿ ಕೇಳಿ ಚರ್ಚಿಗೆ ಹೋಗಿದ್ದೆ. ಸುಮ್ಮನೆ ಪಟ್ಟಿಯ ಪಕ್ಕ ಬೆರಳ ಗೆಣ್ಣಿಂದ ಬಡಿದೆ — ಟೊಳ್ಳು ಸದ್ದು. ಅಯ್ಯೋ ದೇವರೇ! ಕಂಬಕ್ಕೆ ಬಳಿದ ಗಾರೆ ಇಟ್ಟಿಗೆ ಬಿಟ್ಟು ನಿಂತಿದೆ. ಅಲುಗಾಡಿದ್ದು ಕಂಬ ಅಲ್ಲದೇ ಇರಬಹುದು, ಬರೀ ಗಾರೆ!

ಪಟ್ಟಿ ಹಾಕಬೇಕಾದ್ದು ಗಾರೆ ಕೆತ್ತಿ ತೆಗೆದು, ಇಟ್ಟಿಗೆ ಮೇಲೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಪಾಠ. ಗೊತ್ತಿತ್ತು. ಆದರೆ ಆ ಗಾರೆ ಮೇಲೆ ಸನ್ಯಾಸಿಗಳು ಬರೆದ ದ್ರಾಕ್ಷಿ ಬಳ್ಳಿ ಇದೆ... ಉಳಿ ಇಡೋಕೆ ಮನಸ್ಸು ಬರಲಿಲ್ಲ. ಬಳ್ಳಿ ಉಳಿಸೋಕೆ ಹೋಗಿ ಚರ್ಚಿಗೇ ಬೀಗ ಹಾಕಿಸಿದೆ. ಮೂವತ್ತನಾಲ್ಕು ವರ್ಷದ ಮೇಸ್ತ್ರಿಯಂತೆ ನಾನು. ಥೂ.

ಮೇ 6

ಲೂಕೋವ್ ಮುಂದೆ ತಪ್ಪು ಒಪ್ಪಿಕೊಂಡೆ. ನಾಚಿಕೆಗೆ ಕಿವಿಯೆಲ್ಲ ಬಿಸಿ. "ಇಟ್ಟಿಗೆ ಮೇಲೆ ಹಾಕಿ. ಆರು ವಾರ ನೋಡೋಣ" ಅಂದರು.

ವಾಲ್ಟ್ರಾಟಮ್ಮನ ಕಡೆ ನೋಡಿದೆ. "ನಾಲ್ಕೆಲೆ ಹೋದ್ರೆ ಹೋಗ್ಲಿ ಬಿಡೋ. ಬರೆದವ್ರೇ ಇದ್ದಿದ್ರೆ ನಿನ್ ಕೈಗೆ ಉಳಿ ಕೊಡ್ತಿದ್ರು."

ಐದು ಕಡೆ ಅಂಗೈಯಗಲ ಕೆತ್ತಿದೆ. ನೇರ ನೋಡೋಕೆ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟೆ. ಬುಡದಲ್ಲಿ ಕಂಬ ವಾಲಿದೆ, ನಿಜ. ಮೇಲೆ ಹೋಗ್ತಾ ಹೋಗ್ತಾ — ನೇರ! ಇಟ್ಟಿಗೆಗಳ ನಡುವಿನ ಗಾರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಕಟ್ಟುವಾಗಲೇ ಜೌಗು ನೆಲ ಕುಸಿದಿದೆ. ಸನ್ಯಾಸಿಗಳು ಕೆಡವಲಿಲ್ಲ. ಸಾಲು ಸಾಲಿಗೂ ಇಷ್ಟಿಷ್ಟೇ ತಿದ್ದಿಕೊಂಡು ಮೇಲೆ ಹೋಗಿದ್ದಾರೆ. ವಾಲಿದ್ದು ಈಗಲ್ಲ, ಏಳುನೂರು ವರ್ಷದ ಹಿಂದೆ! ಏಣಿ ಮೇಲೇ ಕೂತುಬಿಟ್ಟೆ. ಯಾವ ಪುಣ್ಯಾತ್ಮನೋ, ಅವನಿಗೂ ನನ್ನಂತೆ ಎದೆ ಧಸಕ್ ಅಂದಿರಬೇಕು. ಕೈಮುಗಿದೆ, ಯಾರಿಗೆ ಅಂತ ಗೊತ್ತಿಲ್ಲ.

ಐದೂ ಕಡೆ ಇಟ್ಟಿಗೆ ಮೇಲೆ ಹೊಸ ಪಟ್ಟಿ ಹಾಕಿದೆ. ಇನ್ನು ಅವೂ ಹೌದು ಅನ್ನಬೇಕು.

ಜೂನ್ 17, ಬೆಳಗ್ಗೆ ಹತ್ತು

ಪಕ್ಕದ ಚಿಕ್ಕ ಬಾಗಿಲಿಂದ ಮೂವರೂ ಒಳಗೆ ಹೋದೆವು. ನಾನು ಹತ್ತಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಇಡಿಯಾಗಿವೆ. ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ.

"ಏನಾಯ್ತೋ?" ಕೆಳಗಿಂದ ವಾಲ್ಟ್ರಾಟಮ್ಮ. ನಾನು ಉತ್ತರ ಕೊಡೋದು ಬಿಟ್ಟು ಮೂರನೇ ಸಲ ಎಣಿಸೋಕೆ ಶುರು ಮಾಡಿದೆ. ಒಡೆದಿವೆ ಅಂದುಕೊಂಡು ಅವರು ಬೆಂಚಿನ ಮೇಲೆ ಕುಸಿದರು. ದಡದಡ ಇಳಿದು ಕೈ ಹಿಡಿದೆ.

"ನಿಂತಿದೆ ಅಮ್ಮಾ. ಗಟ್ಟಿಯಾಗಿ ನಿಂತಿದೆ."

"ಅಲ್ಲಿಂದಲೇ ಬೊಗಳೋಕೇನಾಗಿತ್ತೋ ನಿಂಗೆ!" ಅತ್ತುಕೊಂಡೇ ಬೈದರು. ಆಹಾ, ಬೈದರು!

"ಸಭೆಗೆ ಇಷ್ಟು ಸಾಕು, ಇನ್ನು ಬೀಗ ಬೇಡ" ಅಂತ ಲೂಕೋವ್ ಸಹಿ ಹಾಕಿ ಕೀಲಿ ವಾಲ್ಟ್ರಾಟಮ್ಮನ ಕೈಗಿಟ್ಟರು. ಅವರು ದೊಡ್ಡ ಬಾಗಿಲು ತೆರೆದರು. ಬಿಸಿಲು ಒಳಗೆ ಬಂತು, ಕಂಬದಿಂದ ಕಂಬಕ್ಕೆ. ಟೋಪಿ ತೆಗೆದು ನಿಂತೆ. ಹಾಡೋಕೆ ಬರದ ನಾನು — ಆ ಸನ್ಯಾಸಿಗಳ ಹಾಗೆ ಗಟ್ಟಿಯಾಗಿ ಹಾಡಿಬಿಟ್ಟೆ.