ಕಿಟಕಿ ಕೆಳಗ ಎತ್ತಿದ ಕೈ

ಆಗಸ್ಟ್ 18, ಸೋಮಾರ

ಇವತ್ತೂ ಆಟೋ ಇಲ್ಲ. ಆಟೋದಂವಗ ಜ್ವರ ಬಿಟ್ಟಿಲ್ಲಂತ. ಮೊಮ್ಮಗಳು ತನ್ವಿನ್ನ ಬಸ್ಸಿಗೇ ಸಾಲಿಗೆ ಒಯ್ದೆ, ಬಸ್ಸಿಗೇ ತಂದೆ. ಕ್ಯಾಬ್ ಹಚ್ಚಿ ಕೊಡ್ತೀನಿ ಅಂದ ವಿಠಲ. ಬ್ಯಾಡ ಅಂದೆ. ರಾಕೆಟ್ ಆಫೀಸಿನಾಗ ಕೆಲಸ ಅಂವಂದು; ರಾಕೆಟ್ಟು ಎಲ್ಲಿ ಹೊಂಟೈತಿ ಗೊತ್ತು ನನ್ನ ಮಗಗ, ಮಗಳ ಸಾಲಿ ಯಾವಾಗ ಬಿಡತೈತಿ ಗೊತ್ತಿಲ್ಲ.

ಈ ತಿರುವನಂತಪುರದ ಬಸ್ಸಿನ ರೀತಿನ ಬ್ಯಾರೆ. ಹೆಂಗಸರು ಮುಂದಿನ ಬಾಗಲದಾಗ ಹತ್ತಬೇಕು. ಕಂಡಕ್ಟರ್ ಹಗ್ಗ ಒಮ್ಮೆ ಜಗ್ಗಿದ್ರ ನಿಂತಿತು, ಎರಡ ಸಲ ಜಗ್ಗಿದ್ರ ಹೊಂಟಿತು. ನಿಂತವರ ಚೀಲ, ಕೂಸು ಎಲ್ಲಾ ಕುಂತವರ ತೊಡಿ ಮ್ಯಾಲೆ. ಕೇಳಂಗೂ ಇಲ್ಲ, ಕೈ ಚಾಚಿಬಿಡತಾರ — ಇಂಗ್ ತಾ ಅಮ್ಮೇ. ಇಲ್ಲೆ ಕೊಡು ಅಂತ. ಚೀಲ ಕೊಡತೀನಿ. ತನ್ವಿನ್ನ ಕೊಡಂಗಿಲ್ಲ. ಸುಮಿತ್ರನ ಆರ್ಡರ್ ಆಗೇತಿ ಕೊಚ್ಚಿಯಿಂದ — ಅತ್ತಿ, ಗುರ್ತಿಲ್ಲದವರ ಕೈಯಾಗ ಹುಡುಗೀನ್ನ ಕೊಡಬ್ಯಾಡ್ರಿ.

ನನ್ನ ಸೊಸಿ ಬ್ಯಾಂಕಿನಾಕಿ. ಟ್ರಾನ್ಸ್‌ಫರ್ ಆಗಿ ಕೊಚ್ಚಿಗೆ ಹೋದಾಗಿಂದ ಒಂದ ಹಟ — ತನ್ವಿ ನನ್ನ ಕೂಡ ಇರಲಿ, ಅಲ್ಲೇ ಸಾಲಿಗೆ ಹಾಕ್ತೀನಿ. ವಿಠಲ ತಡದಾನ, ಅವ್ವ ನೋಡಿಕೋತಾಳ ಅಂತ. ನನ್ನ ಕಡಿಂದ ಒಂದ ತಪ್ಪು ಬಿದ್ರ ಸಾಕು, ಹುಡುಗಿ ಹೋದಂಗ.

ಆಗಸ್ಟ್ 19, ಮಂಗಳಾರ, ಮಧ್ಯಾಹ್ನ

ಒಲಿ ಹಚ್ಚಿಲ್ಲ ಇನ್ನೂ. ಮೊದಲ ಇದನ್ನ ಬರೀತೀನಿ.

ಮುಂಜಾನೆ ಮಳಿ. ಬಸ್ಸಿನ್ಯಾಗ ಕಾಲಿಡಾಕ ಜಾಗ ಇಲ್ಲ. ತನ್ವಿ ನಿಂತಲ್ಲೇ ತೂಕಡಸಾಕ ಹತ್ತಿದ್ಲು. ಕಿಟಕಿ ಕಡೆ ಮೇರಿ ಕುಂತಿದ್ಲು — ದಿನಾ ಕಳಕ್ಕೂಟಂ ಕಡಿಂದ ಬರತಾಳ, ಚಾಲೈ ಬಜಾರದಾಗ ಪಾತ್ರಿ ಅಂಗಡಿ ಕೆಲಸ. ದಿನಾ ಕೈ ಚಾಚತಾಳ, ದಿನಾ ನಾ ತಲಿ ಅಲ್ಲಾಡಸ್ತೀನಿ. ಇವತ್ತ ಕೊಟ್ಟೆ. ತನ್ವಿ ಆಕಿ ತೊಡಿ ಮ್ಯಾಲೆ ಗಡದ್ ನಿದ್ದಿ.

ಸಾಲಿ ಸ್ಟಾಪ್ ಬಂತು. ಮಂದಿ ನನ್ನ ಬಾಗಲತನಕ ನೂಕಿಬಿಟ್ರು. ಇಳದೆ. ನಮ್ಮೂರ ಬಸ್ಸಿಗೆ ಹೆಂಗ ಮಾಡತೀವಿ — ಮೊದಲ ದೊಡ್ಡವರು ಇಳಿಯೋದು, ಆಮ್ಯಾಲೆ ಕಿಟಕಿ ಕೆಳಗ ಬಂದು ಕೈ ಎತ್ತೋದು, ಒಳಗಿನವರು ಕೂಸಿನ್ನ ಕಿಟಕ್ಯಾಗಿಂದ ಇಳಸೋದು. ಹಂಗ ಕಿಟಕಿ ಕೆಳಗ ಹೋಗಿ ಎರಡೂ ಕೈ ಎತ್ತಿ ನಿಂತೆ.

ಕಿಟಕಿಗೆ ಶಟರ್ ಇಳಿಸಿತ್ತು. ಮಳಿ ಅಂತ ಎಲ್ಲಾ ಕಿಟಕಿ ಮುಚ್ಚಿದ್ರು.

ಶಟರ್ ಬಡದೆ. ಒಳಗ ಟಿಣ್ ಟಿಣ್. ಎರಡು. ಬಸ್ಸು ನನ್ನ ಅಂಗೈ ಒರಸಿಕೊಂಡು ಹೋತು.

ನಿಲ್ಲಸ್ರೋ ನಿಲ್ಲಸ್ರೋ ಅಂತ ಓಡಿದೆ. ಕನ್ನಡದಾಗ ಯಾರಿಗೆ ತಿಳೀಬೇಕು. ಬಸ್ಸಿನ ಬೋರ್ಡು ಓದಾಕ ಬರಂಗಿಲ್ಲ, ನಂಬರ್ ನೋಡಿಲ್ಲ. ಒಬ್ಬ ಆಟೋದಂವ ನನ್ನ ಮಾರಿ ನೋಡಿ, ಖಾಲಿ ಬಗಲ ನೋಡಿ, ಕೈಯಾಗ ತನ್ವಿಯ ನೀರಿನ ಬಾಟಲಿ ನೋಡಿ — ಕೇರ್ ಅಮ್ಮೇ ಅಂದ, ಹತ್ತು ಅಂತ. ಹತ್ತಿದೆ.

ಬಸ್ಸು ಮುಂದಿನ ಸ್ಟಾಪಿನ್ಯಾಗ ನಿಂತಿತ್ತು. ಮೇರಿ ಕೆಳಗಿಳದು, ಸೀರಿ ಸೆರಗು ಹುಡುಗಿ ತಲಿ ಮ್ಯಾಲೆ ಹಿಡದು ತಾನು ತೊಯ್ಕೊಂತ ನಿಂತಿದ್ಲು. ತನ್ವಿ ಅಳತಿದ್ಲು. ಕಂಡಕ್ಟರ್ ನನಗ — ಅಮ್ಮಚ್ಚೀ, ವಿಳಿಚ್ಚು ಪರಯಂಡೇ? ಕೂಗಿ ಹೇಳಬಾರದೇನು ಅಂತ. ನಾ ತನ್ವಿನ್ನ ಎತ್ತಿಕೊಂಡು ಬಾಟಲಿ ನೀರು ಕುಡಿಸಿದೆ.

ಆಗಸ್ಟ್ 20, ಬುಧವಾರ

ತನ್ವಿಗೆ ಹೇಳೀನಿ, ಅಮ್ಮಗ ಹೇಳಬ್ಯಾಡ, ಅಪ್ಪಗೂ ಹೇಳಬ್ಯಾಡ. ನಾ ಕನ್ನಡದಾಗ ಕೇಳಿದ್ರ ಆಕಿ ಮಲಯಾಳದಾಗ ಉತ್ತರ — ಞಾನ್ ಪರಯೂಲ್ಲ. ಹೇಳಂಗಿಲ್ಲ ಅಂತ. ಚಾಕಲೇಟ್ ಬೇಡಿದ್ಲು. ಕೊಡಸಿದೆ.

ಆಗಸ್ಟ್ 22, ಶುಕ್ರಾರ, ರಾತ್ರಿ ಊಟಕ್ಕ ಮುಂಚೆ

ಸುಮಿತ್ರ ಬಂದ್ಲು. ಬಂದಕೂಡಲೆ ಮಗಳ ಬಾಯಾಗಿಂದ “ಎಂದರ್ ಅಮ್ಮಾ” ಕೇಳಿ ಹುಬ್ಬು ಏರಿಸಿದ್ಲು. ಇದು ಇಲ್ಲಿ ಬಸ್ಸಿನ ಭಾಷಾ, ಏನು ಅನ್ನಾಕ ಎಂದರ್.

“ಕೊಚ್ಚ್ಯಾಗ ಹಿಂಗ ಅಂದ್ರ ನಗತಾರ. ಎಲ್ಲಿ ಕಲತ್ಲು ಇದನ್ನ?”

“ಬಸ್ಸಿನ್ಯಾಗ,” ಅಂದ ವಿಠಲ. ಎಲ್ಲಾ ಬಿಟ್ಟು ಇದನ್ನ ಹೇಳಬೇಕೇನು ಅಂವ.

“ಆಟೋ ಇಲ್ಲೇನ್ರಿ ಅತ್ತಿ? ಎಷ್ಟ ದಿನದಿಂದ?”

“ಆತು ಒಂದೀಟು ದಿನ.”

“ನಾಳೆ ಸಾಲಿ ಐತೆಲ್ಲಾ, ನಾನೂ ಬರತೀನಿ. ನೋಡೂಣು.”

ತನ್ವಿ ನನ್ನ ಕಡೆ ನೋಡಿ ಬಾಯಿಗೆ ಬೆರಳ ಇಟ್ಟುಕೊಂಡ್ಲು. ಪುಣ್ಯಾಕ್ಕ ಸುಮಿತ್ರ ಚೀಲ ಬಿಚ್ಚತಿದ್ಲು.

ಆಗಸ್ಟ್ 23, ಶನಿವಾರ

ಮುದ್ದಾಂ ತಡಾ ಮಾಡಿದೆ. ತನ್ವಿ ಜಡಿ ಬಿಚ್ಚಿ ಮತ್ತ ಹೆಣದೆ. ಮೇರಿಯ ಬಸ್ಸು ಹೋಗಲಿ ಅಂತ. ಅದೂ ತಡಾ ಮಾಡಿತು, ನಮ್ಮ ಮುಂದ ಬಂದು ನಿಂತಿತು. “ಮುಂದಿನದಕ್ಕ ಹೋಗೂಣು, ಇದು ಗದ್ದಲ” ಅಂದೆ. ಸುಮಿತ್ರ ಆಗಲೇ ಹತ್ತಿದ್ಲು.

ಕಿಟಕಿ ಸೀಟು ನೋಡಿದೆ. ಬ್ಯಾರೆ ಯಾರೋ ಕುಂತಿದ್ರು. ಉಸುರು ಬಿಟ್ಟೆ.

ಹಿಂದಿನ ಸೀಟಿನಿಂದ ದನಿ ಬಂತು. “ಎಂದರಪ್ಪೀ, ಇನ್ನು ಉರಂಗಣಿಲ್ಲೇ?” ಏನವ್ವಾ, ಇವತ್ತ ನಿದ್ದಿ ಇಲ್ಲೇನು ಅಂತ. ಹುಡುಗಿ ಇರಲಿ ಹುಡುಗ ಇರಲಿ, ಇಲ್ಲಿಯವರಿಗೆ ಸಣ್ಣವರೆಲ್ಲಾ ಅಪ್ಪಿ. ತನ್ವಿ ಸೀದಾ ಹೋಗಿ ಮೇರಿ ತೊಡಿ ಮ್ಯಾಲೆ ಕುಂತ್ಲು, ತನ್ನ ಸ್ವಂತ ಕುರ್ಚಿ ಅನ್ನೋಹಂಗ.

ಸುಮಿತ್ರ ಮಲಯಾಳದಾಗ ಏನೋ ಕೇಳಿದ್ಲು. ಮೇರಿ ಹೇಳಾಕ ಹತ್ತಿದ್ಲು. ಕೈ ಎತ್ತಿ ತೋರಿಸಿದ್ಲು — ನಾ ನಿಂತದ್ದನ್ನ. ಕಂಡಕ್ಟರ್ ಟಿಕೇಟ್ ಹರಕೊಂತ ಉಳಿದದ್ದು ಸೇರಿಸಿದ. ಸೀಟಿನವರೆಲ್ಲಾ ನಕ್ಕರು, ಕೆಟ್ಟ ನಗಿ ಅಲ್ಲ, ಮನಿ ಮಂದಿ ನಕ್ಕಂಗ. ಸುಮಿತ್ರ ನಗಲಿಲ್ಲ. ತನ್ವಿ ನನ್ನ ಕಡೆ ನೋಡಿ ಮತ್ತ ಬಾಯಿಗೆ ಬೆರಳ ಇಟ್ಟುಕೊಂಡದ್ದನ್ನ ನೋಡಿದ್ಲು. ಸ್ಟಾಪ್ ಬಂದಾಗ ಆಕಿ ಬಗಲಾಗ ಮಗಳು, ಹಿಂದ ನಾ.

ಮನಿಗೆ ಬಂದು ನೀರು ಕುಡದು ಅಂದ್ಲು —

“ಬಸ್ಸು ಹೋದದ್ದಕ್ಕ ಸಿಟ್ಟಿಲ್ಲ ಅತ್ತಿ. ನಾನಿದ್ರೂ ಹಂಗ ಹೋಗಿರತಿತ್ತು. ಅಷ್ಟ ಸಣ್ಣ ಹುಡುಗಿಗೆ ಬಾಯಿ ಮುಚ್ಚಿಸಿದ್ರೆಲ್ಲಾ.”

ಕಾಳು ಆರಿಸಿಕೊಂತ ಕುಂತೆ.

ಆಗಸ್ಟ್ 29, ಶುಕ್ರಾರ

ಓಣಂ ರಜಾ ಬಿಟ್ಟಿತು. ಸುಮಿತ್ರ ಬಂದು ತನ್ವಿನ್ನ ಕೊಚ್ಚಿಗೆ ಕರಕೊಂಡು ಹೋದ್ಲು. ರಜಾ ಮುಗಿಯೋದರೊಳಗ ಸಾಲಿ ಇಲ್ಲೋ ಅಲ್ಲೋ ಹೇಳತೀನಿ ಅಂದಾಳ. ವಿಠಲ ಚೀಲ ಹೊತ್ತ. ಸಾಲಿ ಬೂಟು ಇಲ್ಲೇ ಬಿಟ್ಟಾರ — ಬಿಟ್ಟು ಹೋದದ್ದೋ, ಮರತು ಹೋದದ್ದೋ.

ಸೆಪ್ಟೆಂಬರ್ 1, ಸೋಮಾರ, ಸಂಜೀಕೆ

ಮುಂಜಾನೆ ಕೆಲಸ ಏನೂ ಇರಲಿಲ್ಲ. ಚಾಲೈಗೆ ಹುಣಚಿಹಣ್ಣು ತರಾಕ ಅಂತ ವಿಠಲಗ ಹೇಳಿ ಬಸ್ಸು ಹತ್ತಿದೆ. ಮೇರಿ ಸರದು ಜಾಗಾ ಕೊಟ್ಲು. ಅಪ್ಪಿ ಎಲ್ಲಿ ಅಂತ ಕಣ್ಣಾಗ ಕೇಳಿದ್ಲು. ಕೊಚ್ಚಿ ಅಂದೆ.

ಹಬ್ಬದ ಗದ್ದಲ. ಒಬ್ಬಾಕಿ ಕೂಸು ಬಗಲಾಗ ಇಟ್ಟುಕೊಂಡು ಕಂಬಕ್ಕ ಜೋಲಿ ಹೊಡೀತಿದ್ಲು. ಕೈ ಚಾಚಿದೆ. ಇಂಗ್ ತಾ ಅಂದೆ. ಕೊಡಲಿಲ್ಲ ಆಕಿ. ನನ್ನ ಮಾರಿ ನೋಡಿ ಕೂಸಿನ್ನ ಇನ್ನಷ್ಟು ಅವಚಿಕೊಂಡ್ಲು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಳಿಯೋತನಕ ಕೈ ಹಂಗ ಇಟ್ಟುಕೊಂಡೆ, ಬೇಕಾದ್ರ ಇರಲಿ ಅಂತ.

ತಡಿ, ಫೋನು.

ಸುಮಿತ್ರನದು. ಕೊಚ್ಚಿ ಪ್ರೈವೇಟ್ ಬಸ್ಸಿನ್ಯಾಗಿಂದ. ಅವು ರೇಸಿಗೆ ಬಿಟ್ಟಂಗ ಓಡತಾವಂತ, ಸ್ಟಾಪಿನ್ಯಾಗ ಪೂರಾ ನಿಲ್ಲಂಗೂ ಇಲ್ಲಂತ. ತನ್ವಿ ಎಲ್ಲಿ ಅಂದೆ.

“ಕುಂತಾಳ. ಒಬ್ಬಾಕಿ ತೊಡಿ ಮ್ಯಾಲೆ.”

“ಯಾರಕಿ?”

“ಗೊತ್ತಿಲ್ರಿ ಅತ್ತಿ.”

ಆಮ್ಯಾಲೆ ಆಕಿ ಸಣ್ಣ ದನಿಯಾಗ — “ಭಾಳ ನೂಕತಾರ. ನಾ ಬಾಗಲಕಡೆ ಬಂದುಬಿಟ್ಟೀನಿ.”

“ನೀ ಇಳೀಬ್ಯಾಡ,” ಅಂದೆ. “ಮೊದಲ ಕೂಗು. ಮೊದಲ ಕೂಸು ಇಳೀಲಿ, ಆಮ್ಯಾಲೆ ನೀ —”

ಅಲ್ಲಿ ಬೆಲ್ಲು ಆತು. ಒಂದೋ ಎರಡೋ ಕೇಳಲಿಲ್ಲ. ಫೋನ್ ಕಟ್.

ಹಚ್ಚಾಕ ಹತ್ತೀನಿ. ಎತ್ತವಲ್ಲಳು. ವಿಠಲನ್ನ ಕರೀಲೇನು, ಇಲ್ಲಾ —

ಬಂತು, ಫೋನು — ಸುಮಿತ್ರನದು, ಹಿಂದ ತನ್ವಿ ದನಿ.