ಹೆಡ್‌ಲೈಟಿನ ಡೂಮಿನಲ್ಲಿ ಸಿಕ್ಕ ಕದಿರು

ಉಪ್ಪುಂದ
೧೦ ನವೆಂಬರ್ ೨೦೨೪

ಮಗಳೇ ಸುಪ್ರೀತಾ,

ಶಾಲೆಯ ಮಕ್ಕಳಿಗೆ ಕೂಗಿ ಕೂಗಿ ಕಟ್ಟಿದ ನಿನ್ನ ಗಂಟಲು ಬಿಟ್ಟಿತೇ? ಶುಂಠಿ ಕಷಾಯ ಕುಡಿಯಬೇಕೆಂದು ನಿನ್ನ ಅತ್ತೆ ಸರೋಜನ ಅಪ್ಪಣೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸರೋಜ ಪಕ್ಕದಲ್ಲಿ ನಿಂತು ಪ್ರತಿ ವಾಕ್ಯವನ್ನೂ ತಿದ್ದುತ್ತಾಳೆ. ಪತ್ರದಲ್ಲಾದರೆ ನಾನೇ ಯಜಮಾನ. ಮರುಮದುವೆಗೆಂದು ಸಾಸ್ತಾನದಿಂದ ಬಂದ ಸಂಬಂಧಕ್ಕೆ ನೀನು ಹೂಂ ಅನ್ನದೆ, ಉಹೂಂ ಅನ್ನದೆ, ‘ಅತ್ತೆಗೆ ಹೇಗನ್ನಿಸುತ್ತದೋ’ ಎಂದು ಕೂತಿದ್ದೀಯೆಂದು ಬ್ರಹ್ಮಾವರದಿಂದ ನಿನ್ನ ಅಮ್ಮ ತಿಳಿಸಿದರು. ಅದನ್ನು ಸರೋಜನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಧೈರ್ಯವಿಲ್ಲದ ಗಂಡಸರೆಲ್ಲ ಮಾಡುವಂತೆ ಬೈಕು ರಿಪೇರಿಗೆ ಕೂತೆ.

ನಮ್ಮ ಮಗ ಪ್ರವೀಣ ತೀರಿಕೊಂಡು ನೀನು ತವರಿಗೆ ಹೋದ ಮೇಲೆ ಅವನ ಹಳೆ ಯೆಜ್ಡಿ ಬೈಕು ಕೊಟ್ಟಿಗೆಯಲ್ಲೇ ನಿಂತಿತ್ತಲ್ಲ. ಹೊಸ ಬ್ಯಾಟರಿ ಕೂರಿಸಿ ಹಾರ್ನ್ ಒತ್ತಿದರೆ ಹೆಡ್‌ಲೈಟು ಕಣ್ಣು ಮಿಟುಕಿಸಿತು, ಬ್ರೇಕು ತುಳಿದರೆ ಹಾರ್ನ್ ಅತ್ತಿತು. ನಮ್ಮ ಮನೆಯ ಆಡಳಿತವೂ ಹೀಗೇ ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಯಡ್ತರೆಯ ಮೆಕ್ಯಾನಿಕ್ ಗೋಪಿ ಬಂದು ಹೆಡ್‌ಲೈಟಿನ ಬುರುಡೆ, ಅದೇ ಡೂಮ್, ಬಿಚ್ಚಿದವನೇ ನಗತೊಡಗಿದ: “ಹ್ವಾಯ್ ಪ್ರೇಮಣ್ಣ, ಇದ್ ಬೈಕಾ, ಭತ್ತದ್ ಕಣಜವಾ? ಇಲಿ ಬಾಣಂತನ ಮುಗ್ಸ್ಕಂಡ್ ಹೋಯಿತ್ ಕಾಣಿ!”

ಹೊಸ್ತಿನ ದಿನ ಹೊಸ ಭತ್ತದ ಕದಿರನ್ನು ಎಲೆಯಲ್ಲಿ ಸುತ್ತಿ ಬಾಗಿಲಿಗೆ, ಬಾವಿಗೆ, ನೇಗಿಲಿಗೆ ಕಟ್ಟುವುದು ಸರಿ. ನಿನ್ನ ಅತ್ತೆ ಬೈಕಿಗೂ ಕಟ್ಟುತ್ತಾ ಬಂದಿದ್ದಾಳೆ, ಅದೂ ಗಾಳಿಗೆ ಬೀಳದಿರಲೆಂದು ಡೂಮಿನ ಹಿಂದೆ ವೈರುಗಳ ಸಂದಿಗೆ ತುರುಕಿ. ವರ್ಷವರ್ಷವೂ ಹೊಸದು ಸೇರಿತು, ಹಳೆಯದನ್ನು ತೆಗೆದವರಿಲ್ಲ. ಕದಿರಿಗೆಂದು ಬಂದ ಇಲಿ ವೈರನ್ನೂ ರುಚಿ ನೋಡಿತು. ಒದ್ದೆ ಎಲೆಗೆ ಕಡಲ ಗಾಳಿಯ ಉಪ್ಪು ಕೂತು ಕನೆಕ್ಟರುಗಳಿಗೆಲ್ಲ ಹಸಿರು ಕಿಲುಬು ಹಿಡಿಯಿತು. ಈ ತನಿಖಾ ವರದಿಯನ್ನು ಸರೋಜನ ಮುಂದೆ ಮಂಡಿಸುವವರು ಯಾರು? ಗೋಪಿ ನನ್ನ ಮುಖ ನೋಡಿದ. ನಾನು ಸ್ಪ್ಯಾನರಿನ ಮುಖ ನೋಡಿದೆ.

ಅಷ್ಟರಲ್ಲಿ ಅವಳೇ ಚಹಾ ತಂದಳು. ನೋಡಿದಳು. ಅಲ್ಲೇ ಕೂತು, ಒಂದೊಂದೇ ನಾರು ಬಿಡಿಸಿ, ಪುಡಿಯಾದ ಕದಿರನ್ನೆಲ್ಲ ಸೆರಗಿಗೆ ಹಾಕಿಕೊಂಡಳು. ಮೇಲಿನದು ಈ ವರ್ಷದ್ದೇ; ಮಗ ಹೋದ ಮೇಲೂ ಕಟ್ಟುತ್ತಲೇ ಇದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಪ್ರವೀಣ ಕೈಯಾರೆ ಹಾಕಿದ ಕನೆಕ್ಟರುಗಳನ್ನು ಉಜ್ಜಿಯಾದರೂ ಉಳಿಸಿಕೊಳ್ಳೋಣವೆಂದು ನಾನು ಗೊಣಗಿದೆ. ಅವಳು ಗೋಪಿಗೆ ಹೇಳಿದಳು: “ಅವ್ರ್ ಮಾತ್ ಕೇಣ್ಬೇಡ. ಕಿಲುಬ್ ಹಿಡ್ದದ್ದೆಲ್ಲ ಕತ್ತರ್ಸಿ ಹೊಸ್ದ್ ಹಾಕ್. ಹೆಣ್ಣ್ ಬಿಟ್ಕಂಡ್ ಹೋಪ್ ಗಾಡಿ ಅದ್, ದಾರ್ಯಂಗೆ ನಿಂತ್ರೆ ಆತ್ತಾ?” ಹೆಣ್ಣು ಅಂದರೆ ನೀನೇ; ಬೇರೆ ಯಾರಿಗೂ ಅವಳು ಕೀಲಿಕೈ ಕೊಡುವವಳಲ್ಲ.

ಈಗ ಪ್ರತಿ ಜೋಡಣೆಗೂ ರಬ್ಬರ್ ಟೋಪಿ ಬಂದಿದೆ. ಹಾರ್ನ್ ಒತ್ತಿದರೆ ಹಾರ್ನೇ ಕೂಗುತ್ತದೆ. ಮುಂದಿನ ಭಾನುವಾರ ಬಂದು ಬೈಕು ಒಯ್ಯಿ. ನಿನ್ನ ಅಪ್ಪ ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ. ನಿನಗೆ, ಯಾವಾಗಲೂ ಇರುವಷ್ಟು ಆಶೀರ್ವಾದ.

ನಿನ್ನ ಮಾವ,
ಪ್ರೇಮಾನಂದ

ತಾ.ಕ.: ಲಕೋಟೆ ಅಂಟಿಸುವ ಮೊದಲು ಧೈರ್ಯ ಮಾಡಿ ಸರೋಜನಿಗೆ ಸಂಬಂಧದ ವಿಷಯ ಹೇಳಿಯೇಬಿಟ್ಟೆ. ನಿನ್ನ ಅಮ್ಮ ನನಗಿಂತ ಮೊದಲೇ ಅವಳಿಗೆ ಫೋನು ಮಾಡಿದ್ದರಂತೆ! ಅವಳು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಖ ತೊಳೆದು ಬಂದು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಹೂಂ ಅಂದ್ಬಿಡ್ ಅಂತ್ ನೀವ್ ಬರೀನಿ. ಗಂಡಿನ್ ಮನಿಯರ್ ಬಪ್ಪ ದಿನ ನಾನೂ ಬ್ರಹ್ಮಾವರಕ್ಕೆ ಬತ್ತೆ. ಹುಡ್ಗನ್ನ ನಾನ್ ಕಾಣ್ದೆ ಹೆಣ್ಣ್ ಕೊಡೂದ್ ಹ್ಯಾಂಗೆ?”